ಹೊಲದ ಬಾಂದು, ನೀರಿನ ದಾರಿ

ರೋಣದಿಂದ ನರಗುಂದಕ್ಕೆ ಹೋಗುವ ದಾರಿಯಲ್ಲಿ ಯಾವಗಲ್ ಎಂಬ ಊರು ಸಿಗುತ್ತದೆ. ಊರ ಮಗ್ಗುಲಲ್ಲಿ ಬೆಣ್ಣೆಹಳ್ಳ. ಬೇಸಿಗೆಯಲ್ಲಿ ಈ ದಾರಿಯಿಂದ ಹೋದವರಿಗೆ ಅದೊಂದು ಹಳ್ಳವೆಂದು ತೋರುವುದೇ ಕಷ್ಟ. ಜಾಲಿಯ ಕಂಟಿ, ಒಂದಿಷ್ಟು ಕೆಸರು, ಇಷ್ಟೇ. ಆದರೆ ಹಸ್ತ, ಚಿತ್ತ ಮಳೆಗಳು ಕೂಡಿ ಸುರಿದವೆಂದರೆ ಅದೇ ಹಳ್ಳ ಸೇತುವೆಯನ್ನು ಮುಳುಗಿಸಿ ಹರಿಯುತ್ತದೆ. ಬಸ್ಸುಗಳು ಆಚೆಯವು ಆಚೆಗೆ, ಈಚೆಯವು ಈಚೆಗೆ ನಿಲ್ಲುತ್ತವೆ. ಹಾಗೆ ನಿಂತಾಗ ಕೆಳಗಿಳಿದು ಆ ನೀರಿನ ಬಣ್ಣವನ್ನೊಮ್ಮೆ ನೋಡಿರಿ. ಹುಬ್ಬಳ್ಳಿ, ನವಲಗುಂದಗಳ ಕಡೆಯಿಂದ ಬಂದು ಮೆಣಸಗಿಯ ಹತ್ತಿರ ಮಲಪ್ರಭೆಯನ್ನು ಕೂಡುವ ಆ ನೀರಿನಲ್ಲಿ ದಾರಿಯುದ್ದದ ಹೊಲಗಳ ಎರೆಮಣ್ಣು ಕದಡಿರುತ್ತದೆ. ಆ ಮಣ್ಣಿಗೆಲ್ಲ ಒಡೆಯರಿದ್ದಾರೆ. ಉತಾರದಲ್ಲಿ ಅವರ ಹೆಸರಿದೆ, ಸಾರಾ ತುಂಬಿದ ಪಾವತಿಯಿದೆ. ಗುಂಟೆ ನೆಲ ಕೈಬದಲಾದರೂ ಕಚೇರಿಯಲ್ಲಿ ಬರೆಸಬೇಕು. ಹೊಲದ ಮೇಲ್ಮಣ್ಣು ಒಂದು ರಾತ್ರಿಯಲ್ಲಿ ಹಳ್ಳ ಸೇರಿದರೆ ಬರೆದುಕೊಳ್ಳುವವರಿಲ್ಲ.

ಈ ಮಣ್ಣನ್ನು ಹೊಲದಲ್ಲಿ ನಿಲ್ಲಿಸುವ ಹೊಣೆ ಯಾರದು? ಒಡೆಯನದೋ, ಮೇಲಿನ ಹೊಲದವನದೋ, ಸರಕಾರದ್ದೋ? ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಕಾಯದೆಯಿಂದಲೇ ಉತ್ತರ ಹೇಳುವ ಯತ್ನ ನಡೆದು ಎಂಬತ್ತು ವರ್ಷಗಳ ಮೇಲಾಯಿತು. ಅದರ ಕಥೆಯನ್ನು ಹೇಳಬೇಕೆಂದು ಈ ಬರಹ. ಪಟ್ಟಣದಲ್ಲಿ ಕುಳಿತು ಓದುವ ನಿಮಗೆ ಇದರಿಂದೇನು ಎನ್ನಬೇಡಿರಿ. ನಿಮ್ಮಲ್ಲಿ ಎಷ್ಟೋ ಜನರ ಹೆಸರಿನಲ್ಲಿ ಊರ ಕಡೆಗೆ ನಾಲ್ಕೆಕರೆಯೋ ಎಂಟೆಕರೆಯೋ ಹೊಲವಿದ್ದೀತು. ಅದರ ಬದುವಿನ ಮೇಲೆ ನಡೆದು ಎಷ್ಟು ವರ್ಷವಾಯಿತೆಂದು ನೀವೇ ಲೆಕ್ಕ ಹಾಕಿಕೊಳ್ಳಿರಿ. ನಾನೂ ಆ ಲೆಕ್ಕಕ್ಕೆ ಸೇರಿದವನೇ.

ಈ ಸೀಮೆಗೆ ಹಿಂದೆ ಬೆಳ್ವೊಲ ಮುನ್ನೂರು ಎಂದು ಹೆಸರು. ಅಣ್ಣಿಗೇರಿ, ಲಕ್ಕುಂಡಿ, ಗದಗುಗಳ ಸುತ್ತಲಿನ ಎರೆಯ ನಾಡು ಅದು. ಬೆಳೆಯ ಹೊಲ ಎಂಬುದೇ ಆ ಮಾತಿನ ಅರ್ಥ. ನಾಡಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ? ಇಲ್ಲಿಯ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ತಿಳಿದಿದೆ. ಇಷ್ಟು ಮತ್ತರು ಕೆಯ್ಯನ್ನು ಕೊಟ್ಟೆವೆಂದು ಹೇಳಿದ ಮೇಲೆ ಅದರ ಮೂಡಣ, ತೆಂಕಣ, ಪಡುವಣ, ಬಡಗಣ ಎಲ್ಲೆಗಳನ್ನು ಹೇಳುತ್ತಾರೆ. ಆ ಎಲ್ಲೆ ಹಳ್ಳ, ಹುತ್ತ, ದಾರಿ, ಮರ, ನಟ್ಟ ಕಲ್ಲುಗಳನ್ನು ಹಿಡಿದು ಹೋಗುತ್ತದೆ. ಅಂದರೆ ನೆಲ ಹೇಗೆ ತಿರುಗಿತೋ ಎಲ್ಲೆಯೂ ಹಾಗೆ ತಿರುಗಿತು. ಕೊನೆಗೆ, ಕೊಟ್ಟ ನೆಲವನ್ನು ಕಸಿದವನು ಸಾವಿರಾರು ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪ. ನೆಲವನ್ನು ಕಸಿಯುವವನಿಗೆ ಶಾಪವುಂಟು. ನೆಲದ ಮೈಮೇಲಿನ ಮಣ್ಣನ್ನು ತೊಳೆದುಹೋಗಗೊಟ್ಟವನಿಗೆ ನಾನು ಓದಿದ ಶಾಸನಗಳಲ್ಲಿ ಯಾವ ಶಾಪವನ್ನೂ ಕಾಣೆ.

ಈಗಿನ ನೇರ ಎಲ್ಲೆಗಳು ಇಂಗ್ಲಿಷರ ಮೋಜಣಿಯಿಂದ ಬಂದವು. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಮುಂಬಯಿ ಇಲಾಖೆಯ ಮೋಜಣಿಯ ಪದ್ಧತಿಯನ್ನು ಕಟ್ಟಿದರು. ೧೮೪೭ರ ಜಂಟಿ ವರದಿಯಲ್ಲಿ ಅದು ನಿಯಮಬದ್ಧವಾಯಿತು. ವಿಂಗೇಟ್ ಸಾಹೇಬನೇ ನಮ್ಮ ದಕ್ಷಿಣ ಮರಾಠಾ ಪ್ರಾಂತದ ಮೋಜಣಿಯ ಮುಖ್ಯಸ್ಥನಾಗಿದ್ದವನು. ಮೂವತ್ತಮೂರು ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಗುಂಟೆ. ನಾಲ್ವತ್ತು ಗುಂಟೆಗೆ ಎಕರೆ. ಗುಂಟೆಗೂ ಹದಿನಾರು ಆಣೆ. ಹೊಲಕ್ಕೊಂದು ನಂಬರು, ಮೂಲೆಗೊಂದು ಬಾಂದುಕಲ್ಲು. ಸಾರಾ ತುಂಬುತ್ತಿರುವವರೆಗೆ ರೈತನನ್ನು ಹೊಲದಿಂದ ಎಬ್ಬಿಸುವಂತಿಲ್ಲ. ಅವನು ಅದನ್ನು ಮಾರಬಹುದು, ಒತ್ತೆಯಿಡಬಹುದು, ಮಕ್ಕಳಿಗೆ ಹಂಚಬಹುದು. ಸಾರೆಯ ದರ ಮೂವತ್ತು ವರ್ಷ ಕದಲದು. ಅದಕ್ಕೂ ಮೊದಲಿನ ಹರಾಜು, ಇಜಾರೆಗಳ ಕಾಟವನ್ನು ಕಂಡ ರೈತನಿಗೆ ಇದು ದೊಡ್ಡ ನೆಮ್ಮದಿಯೇ ಸರಿ. ಪರಕೀಯರು ಮಾಡಿದ್ದೆಂದು ಇದನ್ನು ಹಳಿಯುವುದು ನನ್ನಿಂದಾಗದು.

ಆ ಮೋಜಣಿದಾರರಿಗೆ ಮಣ್ಣು ತಿಳಿಯದೆಯೂ ಇರಲಿಲ್ಲ. ಹೊಲಹೊಲದಲ್ಲಿ ಅಗೆದು ಮಣ್ಣಿನ ಆಳವನ್ನು ಅಳೆದರು. ಒಂದೂಮುಕ್ಕಾಲು ಮೊಳ ಆಳದ ಒಳ್ಳೆಯ ಎರೆಗೆ ಹದಿನಾರಾಣೆಯ ಬೆಲೆ. ಆಳ ಕಡಿಮೆಯಾದಂತೆ ಆಣೆಯೂ ಕಡಿಮೆ. ಅದಲ್ಲದೆ ಹೊಲದ ದೋಷಗಳಿಗೆ ಗುರುತುಗಳಿದ್ದವು. ಸುಣ್ಣಕಲ್ಲು ಬೆರೆತದ್ದು ಒಂದು ದೋಷ, ಮರಳು ಬೆರೆತದ್ದು ಒಂದು ದೋಷ, ಇಳಿಜಾರು ಒಂದು ದೋಷ, ಹರಿವ ನೀರು ಮೇಲೆ ಹಾದುಹೋಗುವುದು ಮತ್ತೊಂದು ದೋಷ. ದೋಷವಿದ್ದಷ್ಟೂ ತರಗತಿ ಇಳಿಯುತ್ತಿತ್ತು. ನೋಡಿರಿ, ಇಳಿಜಾರು ಎಲ್ಲಿದೆ, ನೀರು ಎಲ್ಲಿ ಹರಿಯುತ್ತದೆ ಎಂಬುದು ಸರಕಾರದ ದಫ್ತರದಲ್ಲಿ ಆಗಲೇ ದಾಖಲಾಗಿತ್ತು. ಆದರೆ ದಾಖಲಾದದ್ದು ಸಾರೆಯ ಲೆಕ್ಕಕ್ಕೆ. ಹೊಲದ ಎಲ್ಲೆ ಎಳೆದದ್ದು ಸರಪಳಿಯ ಅನುಕೂಲಕ್ಕೆ.

ಎಲ್ಲೆ ಇಳಿಜಾರಿನುದ್ದಕ್ಕೆ ಇಳಿದು ಹೋದಲ್ಲಿ ಏನಾಗುತ್ತದೆಂದು ಒಕ್ಕಲಿಗರನ್ನು ಕೇಳಿರಿ. ಇಬ್ಬರ ಹೊಲದ ನಡುವಿನ ಬದುವನ್ನು ಇಬ್ಬರೂ ತಮ್ಮ ತಮ್ಮ ಕಡೆಯಿಂದ ಕೆತ್ತುತ್ತಾರೆ. ರಂಟೆ, ಕುಂಟೆಗಳು ಎಲ್ಲೆಗೆ ಸರಿಯಾಗಿ ಹೋಗುವುದರಿಂದ ಸಾಲುಗಳೂ ಇಳಿಜಾರಿಗೆ ಬೀಳುತ್ತವೆ. ಮಳೆಯ ನೀರು ಸಾಲು ಹಿಡಿದು ಬಂದು ಬದುವಿನ ಅಂಚಿಗೆ ಕೂಡಿ, ಅಲ್ಲಿಯೇ ಕೊರೆಯುತ್ತದೆ. ಕೊರಕಲು ಮೊದಲು ಗೇಣುದ್ದ, ಹತ್ತು ವರ್ಷಕ್ಕೆ ಆಳುದ್ದ. ಅಣ್ಣತಮ್ಮಂದಿರು ಪಾಲಾದಾಗ ಹೊಲವನ್ನು ಉದ್ದುದ್ದಕ್ಕೆ ಸೀಳಿಕೊಳ್ಳುವುದು ರೂಢಿ. ಮೇಲಿನ ಒಳ್ಳೆಯದು, ಕೆಳಗಿನ ಕೆಟ್ಟದ್ದು ಎಲ್ಲರಿಗೂ ಸಮನಾಗಿ ಬರಲೆಂದು. ನ್ಯಾಯವೇನೋ ಸರಿಯಾದದ್ದೇ. ಆದರೆ ಪಾಲು ಹೆಚ್ಚಿದಂತೆ ಇಳಿಜಾರಿಗೆ ಬೀಳುವ ಬದುಗಳೂ ಹೆಚ್ಚಿದವು. ತುಂಡುಭೂಮಿ ತಡೆಯಲೆಂದು ಮುಂಬಯಿ ಸರಕಾರ ೧೯೪೭ರಲ್ಲಿ ಕಾಯದೆ ಮಾಡಿತಾದರೂ ಮನೆಯೊಳಗಿನ ಪಾಲು ಅದರಿಂದ ನಿಲ್ಲಲಿಲ್ಲ.

ಮಳೆಯ ಸ್ವಭಾವವೂ ಇದಕ್ಕೆ ಕೂಡಿಕೊಂಡಿತು. ನಮ್ಮಲ್ಲಿ ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆ. ಅದರಲ್ಲಿ ಹಿಂಗಾರಿಗೆ ಬೇಕಾದದ್ದು ಕೆಲವೇ ದೊಡ್ಡ ಮಳೆಗಳಲ್ಲಿ ಬಂದುಬಿಡುತ್ತದೆ. ಆಗ ಹೊಲ ಹರಗಿ ಬಿತ್ತಿಗೆಗೆ ಸಿದ್ಧವಾಗಿ, ಬರಿಮೈಯಲ್ಲಿ ಬಿದ್ದಿರುತ್ತದೆ. ನೀರು ಇಂಗುವ ಮೊದಲೇ ಓಡುತ್ತದೆ. ಓಡುವಾಗ ಮಣ್ಣನ್ನು ಕರೆದೊಯ್ಯುತ್ತದೆ. ಮುಂದೆ ಬೀಳುವುದು ಬರ. ೧೮೭೬-೭೮ರ ಬರದಲ್ಲಿ ಧಾರವಾಡ, ಕಲಾದಗಿ ಜಿಲ್ಲೆಗಳು ಪಟ್ಟ ಪಾಡನ್ನು ಇಲ್ಲಿ ವಿವರಿಸಬೇಕಾಗಿಲ್ಲ. ೧೮೮೩ರಲ್ಲಿ ಭೂಸುಧಾರಣೆಯ ಸಾಲದ ಕಾಯದೆ ಬಂದು, ಒಡ್ಡು ಬಾವಿಗಳಿಗೆ ತಗಾವಿ ಸಿಗುವಂತಾಯಿತು. ತೆಗೆದುಕೊಂಡವರು ತಮ್ಮ ಹೊಲದ ಮಟ್ಟಿಗೆ ಒಡ್ಡು ಹಾಕಿಸಿದರು. ಮೇಲಿನ ಹೊಲದವನು ಸುಮ್ಮನಿದ್ದರೆ ಆ ಒಡ್ಡು ಒಂದು ದೊಡ್ಡ ಮಳೆಗೆ ನಿಲ್ಲದು.

ಇಲ್ಲಿಂದ ಶಾಸ್ತ್ರದ ಮಾತು ಮೊದಲಾಗುತ್ತದೆ. ೧೯೨೮ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗವು ಒಣಬೇಸಾಯದ ಸಂಶೋಧನೆ ಆಗಬೇಕೆಂದಿತು. ಅದರ ತರುವಾಯ ೧೯೩೩ರಿಂದ ಮುಂದಕ್ಕೆ ಸೊಲ್ಲಾಪುರ, ವಿಜಾಪುರ, ರಾಯಚೂರು, ಬಳ್ಳಾರಿ ಜಿಲ್ಲೆಯ ಹಗರಿ, ಪಂಜಾಬಿನ ಕಡೆಯ ರೋಹತಕ್ ಈ ಐದು ಕಡೆ ಕೇಂದ್ರಗಳಾದವು. ಸೊಲ್ಲಾಪುರದಲ್ಲಿ ಕಾನಿಟಕರರು ನಡೆಸಿದ ಕೆಲಸದಿಂದ ಮುಂಬಯಿ ಒಣಬೇಸಾಯ ಪದ್ಧತಿ ಎಂಬುದು ಹೆಸರಾಯಿತು. ಒಡ್ಡು ಹಾಕಿ, ಆಳವಾಗಿ ಉತ್ತು, ಅಂತರ ಬಿಟ್ಟು ಬಿತ್ತಿ, ಮೇಲಿಂದ ಮೇಲೆ ಎಡೆ ಹೊಡೆಯುವುದು ಅದರ ಸಾರ. ಒಡ್ಡು ಎಂದರೆ ಸಮಪಾತಳಿಯ ಒಡ್ಡು. ನೆಲದ ಮೇಲೆ ಒಂದೇ ಎತ್ತರದಲ್ಲಿರುವ ಬಿಂದುಗಳನ್ನು ಕೂಡಿಸಿ ಗೆರೆ ಎಳೆದರೆ ಅದು ಹಾವಿನಂತೆ ಬಳುಕುತ್ತ ಹೋಗುತ್ತದೆ. ಆ ಗೆರೆಯ ಮೇಲೆ ಮಣ್ಣು ಏರಿಸಬೇಕು. ಆ ಗೆರೆಗೆ ಸರ್ವೇ ನಂಬರಿನ ಪರಿವೆಯಿಲ್ಲ. ಒಬ್ಬನ ಹೊಲದ ಮೂಲೆಯನ್ನು ಕತ್ತರಿಸಿ ಇನ್ನೊಬ್ಬನ ಹೊಲದ ನಟ್ಟನಡುವೆ ಹಾದು ಮೂರನೆಯವನ ಹೊಲದಲ್ಲಿ ಮುಗಿಯುತ್ತದೆ.

ಮೂವರೂ ಒಪ್ಪದಿದ್ದರೆ? ಇದಕ್ಕಾಗಿ ಬಂದದ್ದು ೧೯೪೨ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯದೆ. ಒಂದು ಪ್ರದೇಶಕ್ಕೆ ಯೋಜನೆ ಹಾಕುವುದು, ಅದನ್ನು ಪ್ರಕಟಿಸಿ ತಕರಾರು ಕೇಳುವುದು, ಕೇಳಿ ಮಂಜೂರು ಮಾಡುವುದು. ಮಂಜೂರಾದ ಮೇಲೆ ಒಪ್ಪದವನ ಹೊಲದಲ್ಲಿಯೂ ಒಡ್ಡು ಬೀಳುವುದು. ಖರ್ಚಿನ ಒಂದು ಪಾಲನ್ನು ಒಡೆಯನು ಕೊಡಬೇಕು. ಕೊಡದಿದ್ದರೆ ಸಾರಾಬಾಕಿಯಂತೆ ವಸೂಲಿ. ಮುಂದೆ ಒಡ್ಡನ್ನು ಕಾಯ್ದುಕೊಂಡು ದುರಸ್ತಿ ಮಾಡುವುದೂ ಅವನದೇ ಜವಾಬ್ದಾರಿ. ಮಣ್ಣು ಕೆಡದಂತೆ ದನ ಮೇಯಿಸುವುದನ್ನು ತಡೆಯುವ ಅಧಿಕಾರವೂ ಅದರಲ್ಲಿತ್ತು. ನೂರು ವರ್ಷ ಬಾಂದುಕಲ್ಲನ್ನು ಕಾಯ್ದುಕೊಟ್ಟ ಸರಕಾರವೇ ಈಗ ಬಾಂದನ್ನು ದಾಟಿ ಹೊಲದೊಳಗೆ ಗೆರೆ ಎಳೆಯಲು ಬಂದಿತು. ೧೯೪೨-೪೩ರಲ್ಲಿ ವಿಜಾಪುರದ ಕಡೆಗೆ ಬರ ಬಿದ್ದಾಗ ಬರಗಾಲದ ಕೆಲಸವಾಗಿ ಒಡ್ಡುಗಳು ಬಲುದೂರ ಬಿದ್ದವು. ಹಸಿದವರಿಗೆ ಕೂಲಿಯಾಯಿತು. ಹೊಲದ ಒಡೆಯನಿಗೆ ಏನಾಯಿತೆಂಬ ಪ್ರಶ್ನೆಯನ್ನು ಆಗ ಕೇಳುವ ಹೊತ್ತಿರಲಿಲ್ಲ. ೧೯೫೬ರಲ್ಲಿ ನಾಡು ಒಂದಾದ ಮೇಲೆ, ೧೯೬೧ರಲ್ಲಿ ಮೈಸೂರು ಭೂಸುಧಾರಣೆಯ ಕಾಯದೆ ಬಂದಿತು. ಕೆಲಸ ಅದೇ ಜಾಡಿನಲ್ಲಿ ನಡೆಯಿತು.

ನಮ್ಮ ಹೊಲದಲ್ಲಿ ಒಡ್ಡು ಬಿದ್ದದ್ದು ನಾನು ಹುಟ್ಟುವುದಕ್ಕೆ ಮೊದಲು. ಯಾವಗಲ್ಲಿನ ಸೀಮೆಯಲ್ಲಿ ನಮಗೆ ಏಳೆಕರೆ ಎರೆ. ಒಡ್ಡು ಹೊಲದ ನಡುವೆ ಓರೆಯಾಗಿ ಹಾದಿತು. ಎತ್ತು ಹೂಡಿ ನೇರ ಸಾಲು ಹೊಡೆಯುವಂತಿಲ್ಲ. ಎರಡು ಕಡೆ ತಿರುವಿಗೆ ನೆಲ ಬಿಡಬೇಕು. ಒಡ್ಡಿನ ಕೆಳಗೆ ಹೋದ ನೆಲ ಬೇರೆ. ಒಡ್ಡಿನ ಮೈಯಲ್ಲಿ ಬೇರೂರಿದ ಕರಿಕೆ ಹೊಲಕ್ಕೆ ಇಳಿಯಿತು. ಎರೆಹೊಲದಲ್ಲಿ ಕರಿಕೆ ಹೊಕ್ಕರೆ ಅದನ್ನು ಕಡಿಸುವುದಕ್ಕೆ ಎಷ್ಟು ಖರ್ಚೆಂದು ಬಲ್ಲವರೇ ಬಲ್ಲರು. ಇದೆಲ್ಲವನ್ನೂ ಅಪ್ಪ ಸಹಿಸಿದನಂತೆ. ಒಂದು ವರ್ಷ ಬಿತ್ತಿದ ಜೋಳ ಗೇಣುದ್ದ ಎದ್ದಿದ್ದಾಗ ಮಳೆ ಹಿಡಿಯಿತು. ಒಡ್ಡಿನ ಮೇಲ್ಬದಿಗೆ ನೀರು ನಿಂತು ನಾಲ್ಕು ದಿನವಾದರೂ ಇಂಗಲಿಲ್ಲ. ಪೈರು ಹಳದಿಯಾಯಿತು. ಐದನೆಯ ರಾತ್ರಿ ಅಪ್ಪ ಸಲಿಕೆ ತೆಗೆದುಕೊಂಡು ಹೋಗಿ ಒಡ್ಡನ್ನು ಕಡಿದುಬಿಟ್ಟ.

ನೀರು ಇಳಿದು ಹೋಗಿ ಕೆಳಗಿನ ಹೊಲದ ಕಡಲೆಯನ್ನು ಬುಡಸಮೇತ ಎತ್ತಿಕೊಂಡು ಹೋಯಿತು. ಅಲ್ಲಿ ಬಿದ್ದ ಕೊರಕಲು ಈಗಲೂ ಇದೆ. ಆ ಹೊಲದವರು ನಮಗೆ ದೂರದ ನಂಟರು; ನಾನು ಅವರನ್ನು ಕಾಕಾ ಎಂದು ಕರೆಯಬೇಕಾದವನು. ಎರಡು ಮನೆಗಳಿಗೆ ಹನ್ನೊಂದು ವರ್ಷ ಮಾತಿರಲಿಲ್ಲ. ನನಗೆ ಬುದ್ಧಿ ಬಂದ ಮೇಲೆ ಒಮ್ಮೆ, “ನಮ್ಮ ಹೊಲದಾಗಿನ ಒಡ್ಡು, ನಾವು ಕಡದ್ರ ಅವ್ರದೇನು ಹೋತು?” ಎಂದು ಕೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಒಡ್ಡು ನಮ್ಮದು ಖರೆ. ನೀರಿಗೇನು ಉತಾರ ಓದಾಕ ಬರತೈತೇನು, ತಮ್ಮಾ?” ಎಂದ. ಅವನ ಮಾತಿನಲ್ಲಿ ಪಶ್ಚಾತ್ತಾಪವಿತ್ತೆಂದು ನಾನು ಹೇಳಲಾರೆ. ಪೈರು ಕೊಳೆಯುವುದನ್ನು ನೋಡುತ್ತ ಕೂಡ್ರುವುದು ಯಾವ ಒಕ್ಕಲಿಗನಿಂದ ಆದೀತು?

ಅಪ್ಪನದು ಅಜ್ಞಾನವೆಂದು ಬಹಳ ದಿನ ನಾನೂ ತಿಳಿದಿದ್ದೆ. ಒಡ್ಡು ಒಡೆದ ರೈತರ ಬಗ್ಗೆ ಹಾಗೆ ಬರೆದವರು ಕಡಿಮೆಯಿಲ್ಲ. ಆದರೆ ೧೯೫೪ರಲ್ಲಿ ಬಳ್ಳಾರಿಯಲ್ಲಿ ಮಣ್ಣು ನೀರಿನ ಸಂರಕ್ಷಣೆಯ ಕೇಂದ್ರ ಸ್ಥಾಪನೆಯಾಗಿ, ಎರೆಯ ಮೇಲೆಯೇ ಪ್ರಯೋಗಗಳು ನಡೆದಾಗ ಕಂಡದ್ದು ಬೇರೆ. ಮಸಾರಿ ಭೂಮಿಯಲ್ಲಿ ನೀರು ಬೇಗ ಇಂಗುತ್ತದೆ, ಅಲ್ಲಿ ಸಮಪಾತಳಿಯ ಒಡ್ಡು ಒಳ್ಳೆಯದು. ಆಳವಾದ ಎರೆಯಲ್ಲಿ ನೀರು ಒಮ್ಮೆ ತುಂಬಿದರೆ ಇಂಗದೆ ನಿಲ್ಲುತ್ತದೆ, ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಅದೇ ಎರೆ ಬಿರುಕು ಬಿಟ್ಟು ಒಡ್ಡೂ ಸೀಳುತ್ತದೆ. ಮೊದಲ ದೊಡ್ಡ ಮಳೆಗೆ ನೀರು ಆ ಬಿರುಕಿನಲ್ಲಿ ಹೊಕ್ಕು ಒಡ್ಡನ್ನು ಒಡೆಯುತ್ತದೆ. ಇಂಥ ನೆಲಕ್ಕೆ ತುಸು ಇಳುಕಲು ಕೊಟ್ಟು, ಹೆಚ್ಚಿನ ನೀರನ್ನು ಒಂದು ಮಗ್ಗುಲಿಗೆ ಮೆಲ್ಲಗೆ ಹರಿಸುವ ಬದುವೇ ಸರಿ ಎಂದು ತಿಳಿದುಬಂದಿತು. ಸಲಿಕೆ ಹಿಡಿದವನು ಹೇಳಲಾರದೆ ಮಾಡಿದ ತಕರಾರು ಅದೇ ಆಗಿತ್ತು. ತಕರಾರು ಕೇಳಲು ಕಾಯದೆಯಲ್ಲಿ ಕಲಮು ಇತ್ತು, ದಿನಗಳ ಗಡುವೂ ಇತ್ತು. ಆದರೆ ನೀರು ನಿಂತು ಬೆಳೆ ಕೊಳೆತೀತೆಂಬ ಮಾತನ್ನು ಒಡ್ಡು ಬೀಳುವ ಮೊದಲೇ ಅರ್ಜಿಯಲ್ಲಿ ಬರೆದುಕೊಡುವುದು ಹೇಗೆ?

ಹಾಗೆಂದು ಸರಕಾರದ್ದೇ ಎಲ್ಲ ತಪ್ಪು ಎಂದರೂ ಸಲ್ಲದು. ಇಳುಕಲು ಬದುವಿಗೆ ನೀರು ಹೋಗಲು ಒಂದು ದಾರಿ ಬೇಕು. ಆ ದಾರಿ ಯಾರದಾದರೂ ಹೊಲದಲ್ಲಿಯೇ ಆಗಬೇಕು. ‘ನಿನ್ನ ಹೊಲದ ನೀರು ನನ್ನ ಹೊಲದಲ್ಲಿ ಯಾಕೆ’ ಎಂದು ಕೆಳಗಿನವನು ಅಡ್ಡ ನಿಂತರೆ ಬಳ್ಳಾರಿಯ ಶಾಸ್ತ್ರವೂ ಅಲ್ಲಿಗೇ ನಿಂತಿತು. ಹಕ್ಕು ಎಂಬುದು ಒಬ್ಬೊಬ್ಬರದು, ಇಳಿಜಾರು ಎಲ್ಲರದು; ತೊಡಕು ಇರುವುದು ಇಲ್ಲಿ.

ಈ ತೊಡಕು ನಮ್ಮೊಬ್ಬರದೇ ಆಗಿರಲಿಲ್ಲ. ಅಮೇರಿಕೆಯ ನಡುನಾಡಿನಲ್ಲಿ ೧೯೩೦ರ ದಶಕದಲ್ಲಿ ಹೊಲಗಳ ಮಣ್ಣು ಗಾಳಿಗೆ ಎದ್ದು ಹಗಲನ್ನು ಕತ್ತಲೆ ಮಾಡಿದ್ದನ್ನು ನೀವು ಓದಿರಬಹುದು. ೧೯೩೫ರಲ್ಲಿ ಅಲ್ಲಿ ಮಣ್ಣಿನ ಸಂರಕ್ಷಣೆಗೆ ಕಾಯದೆಯಾಯಿತು. ೧೯೩೭ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಎಲ್ಲ ಸಂಸ್ಥಾನಗಳ ಗವರ್ನರರಿಗೆ ಒಂದು ಮಾದರಿ ಕಾಯದೆಯನ್ನು ಕಳಿಸಿದರು: ರೈತರೇ ಮತ ಹಾಕಿ ತಮ್ಮ ತಮ್ಮ ಮಣ್ಣಿನ ಸಂರಕ್ಷಣಾ ವಿಭಾಗಗಳನ್ನು ಕಟ್ಟಿಕೊಳ್ಳಬೇಕು, ಬೇಕೆಂದರೆ ಮತ ಹಾಕಿಯೇ ಉಳುಮೆಯ ನಿರ್ಬಂಧಗಳನ್ನೂ ವಿಧಿಸಿಕೊಳ್ಳಬಹುದು. ವಿಭಾಗಗಳೇನೋ ದೇಶದ ತುಂಬ ಆದವು. ನಿರ್ಬಂಧ ವಿಧಿಸಿಕೊಂಡದ್ದು ಮಾತ್ರ ಬಲು ಅಪರೂಪ. ಹಣ, ಯಂತ್ರ, ತಿಳಿವಳಿಕೆ ಇವುಗಳಿಂದ ಕೆಲಸ ನಡೆಸಿದರು. ಅಲ್ಲಿಯೂ ರೈತನು ತನ್ನ ಬೇಲಿಯೊಳಗೆ ಅಪ್ಪಣೆಯನ್ನು ಹೊಗಗೊಡಲಿಲ್ಲ.

ಮತ್ತೆ ನಮ್ಮ ಕಡೆಗೆ ಬರೋಣ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ, ೧೯೭೦ರ ದಶಕದಲ್ಲಿ ಕಾಲುವೆಗಳು ನರಗುಂದ, ರೋಣಗಳ ಕಡೆಗೆ ಬಂದವು. ನೀರು ಬಂದುದರಿಂದ ಹೊಲದ ಬೆಲೆ ಹೆಚ್ಚಿತು, ಆದ್ದರಿಂದ ಒಡೆಯನು ಅಭಿವೃದ್ಧಿ ಕರ ಕೊಡಬೇಕೆಂದು ಸರಕಾರ ಹೇಳಿತು. ಕಾಲುವೆಯ ತುದಿಯವರಿಗೆ ನೀರು ಬರಲಿಲ್ಲ. ಕೆಲವು ಕಡೆ ಬಂದ ನೀರು ಎರೆಯಲ್ಲಿ ನಿಂತು ಸವಳು ಜವಳಾಯಿತು. ೧೯೮೦ರ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ನಡೆದುದನ್ನು ಈ ಭಾಗದ ಮನೆಮನೆಯೂ ಬಲ್ಲದು. ಗೋಲಿಬಾರಾಗಿ ರೈತರು ಸತ್ತರು. ರಾಜ್ಯ ರೈತ ಸಂಘ ಹುಟ್ಟಿದ್ದು ಆ ವರ್ಷವೇ. ದತ್ತಕದ ಹಕ್ಕಿಗಾಗಿ ೧೮೫೮ರಲ್ಲಿ ಬಾಬಾಸಾಹೇಬ ಎದ್ದುನಿಂತ ಊರು ಅದು. ಹಕ್ಕಿನ ಮಾತು ಬಂದರೆ ಅಲ್ಲಿಯ ಜನಕ್ಕೆ ಹೊಸತೇನಲ್ಲ. ನಾನು ಹೇಳಬೇಕೆಂದದ್ದು ಇಷ್ಟು: ಒಡ್ಡಿನ ಕಾಯದೆಗೂ ಅಭಿವೃದ್ಧಿ ಕರಕ್ಕೂ ಲೆಕ್ಕಾಚಾರ ಒಂದೇ. ನಿನ್ನ ಹೊಲ ಸುಧಾರಿಸಿತೆಂದು ಸರಕಾರ ತಾನೇ ತೀರ್ಮಾನಿಸುವುದು, ಆಮೇಲೆ ಅದರ ಪಟ್ಟಿಯನ್ನು ಒಡೆಯನ ಕೈಗೆ ಕೊಡುವುದು. ಸುಧಾರಿಸಿತೋ ಇಲ್ಲವೋ ಎಂದು ಹೊಲದಲ್ಲಿ ನಿಂತು ನೋಡಿದವನನ್ನು ಕೇಳಿದವರಿಲ್ಲ.

ಆಮೇಲಿನ ವರ್ಷಗಳಲ್ಲಿ ಸರಕಾರದ ಧೋರಣೆ ಬದಲಾಯಿತು. ೨೦೦೦ದಲ್ಲಿ ಜಲಾನಯನ ಇಲಾಖೆಯೇ ಬೇರೆಯಾಯಿತು. ಹಳ್ಳದ ನೆತ್ತಿಯಿಂದ ಬುಡದವರೆಗಿನ ಎಲ್ಲ ಒಡೆಯರನ್ನೂ ಒಂದು ಘಟಕವೆಂದು ಹಿಡಿದು, ಅವರ ಸಂಘ ಕಟ್ಟಿ, ಕೇಳಿ ಕೆಲಸ ಮಾಡಬೇಕೆಂಬುದು ಸುಜಲಾ ಯೋಜನೆಯ ರೀತಿ. ಅದರ ಮೂರನೆಯ ಹಂತ ಗದಗ ಜಿಲ್ಲೆಗೂ ಬಂದಿತು. ಆಗ ಹಳೆಯ ಊರ ನಕಾಶೆಗಳ ಮೇಲೆಯೇ, ಸರ್ವೇ ನಂಬರು ಹಿಡಿದು, ಗುಂಡಿ ಅಗೆದು ಮಣ್ಣಿನ ಆಳ, ಇಳಿಜಾರು, ಕೊರೆತಗಳನ್ನು ಬರೆದುಕೊಂಡರು. ವಿಂಗೇಟ್ ಸಾಹೇಬನ ಮೊಳದ ಕೋಲೇ ಮತ್ತೊಮ್ಮೆ ಬಂದಂತಾಯಿತು; ಈ ಸಲ ಸಾರೆಗೆ ಬದಲಾಗಿ ಬೆಳೆಯ ಸಲಹೆಗೆ. ೨೦೦೫ರ ಉದ್ಯೋಗ ಖಾತರಿ ಕಾಯದೆಯ ಹಣದಲ್ಲಿ ಸಣ್ಣ ರೈತರು ತಮ್ಮ ಹೊಲಗಳಲ್ಲಿಯೇ ಬದು ಹಾಕಿಸಿಕೊಂಡರು. ೨೦೧೪ರ ಕೃಷಿಭಾಗ್ಯದಲ್ಲಿ ಹೊಂಡಗಳಾದವು.

ಇವೆಲ್ಲವುಗಳಲ್ಲಿ ಎರೆಯ ಒಕ್ಕಲಿಗನು ಹೆಚ್ಚು ಮನಸ್ಸಿನಿಂದ ಒಪ್ಪಿಕೊಂಡದ್ದು ಚೌಕುಮಡಿ ಎಂದು ನನಗೆ ತೋರುತ್ತದೆ. ಮುಂಗಾರಿನಲ್ಲಿ ಬೀಳುಬಿದ್ದ ಹೊಲದಲ್ಲಿ ಸಣ್ಣ ಬದುಗಳನ್ನು ಎತ್ತಿ ಚೌಕು ಚೌಕಾಗಿ ಮಡಿ ಮಾಡುವುದು. ಬಿದ್ದ ಮಳೆ ಬಿದ್ದ ಮಡಿಯಲ್ಲಿಯೇ ಇಂಗಬೇಕು. ಬಿತ್ತುವ ಹೊತ್ತಿಗೆ ಅವನ್ನು ಕೆಡಿಸಿದರಾಯಿತು. ಯಾರನ್ನೂ ಕೇಳಬೇಕಾಗಿಲ್ಲ, ಯಾರ ಬಾಂದನ್ನೂ ದಾಟಬೇಕಾಗಿಲ್ಲ. ವಿಜಾಪುರದ ಸಂಶೋಧನೆಯವರು ಇದನ್ನು ಬಹಳ ವರ್ಷದಿಂದ ಹೇಳುತ್ತ ಬಂದಿದ್ದಾರೆ. ಆದರೆ ದೊಡ್ಡ ಮಳೆಗೆ ಮಡಿ ಸಾಲದು. ತುಂಬಿ ಹೊರಟ ನೀರು ಮತ್ತೆ ಅದೇ ಬದುವಿನ ಮೂಲೆಗೆ, ಅದೇ ಕೆಳಗಿನವನ ಹೊಲಕ್ಕೆ.

ಇನ್ನೊಂದು ತೊಡಕು ನಮ್ಮಂಥವರದು. ೧೯೭೪ರ ಭೂಸುಧಾರಣೆಯ ತರುವಾಯ ಹೊಲವನ್ನು ಗೇಣಿಗೆ ಕೊಡುವಂತಿಲ್ಲ; ಆದರೂ ಪಟ್ಟಣದ ಒಡೆಯರ ಹೊಲ ಬಾಯಿಮಾತಿನ ಲಾವಣಿಯಲ್ಲಿ ನಡೆಯುತ್ತಲೇ ಇದೆ. ಬರುವ ವರ್ಷ ಹೊಲ ತನ್ನ ಕೈಯಲ್ಲಿರುವುದೋ ಇಲ್ಲವೋ ತಿಳಿಯದವನು ಬದು ಏಕೆ ಕಟ್ಟಿಯಾನು? ಕಟ್ಟೆಂದು ಹೇಳಲು ಒಡೆಯನು ಹೊಲಕ್ಕೆ ಹೋಗುವುದಿಲ್ಲ. ಕಾಯದೆಯ ಕಣ್ಣಿಗೆ ಒಡೆಯನಿದ್ದಾನೆ, ಒಡ್ಡಿನ ಕಣ್ಣಿಗೆ ಯಾರೂ ಇಲ್ಲ. ೧೯೭೮ರ ಸಂವಿಧಾನದ ತಿದ್ದುಪಡಿಯಿಂದ ಆಸ್ತಿಯು ಮೂಲಭೂತ ಹಕ್ಕಾಗಿ ಉಳಿಯಲಿಲ್ಲವೆಂದು ಶಾಲೆಯಲ್ಲಿ ಹುಡುಗರಿಗೆ ಕಲಿಸುತ್ತೇವೆ. ಆದರೂ ನೆಲದ ಮಾಲೀಕತ್ವವನ್ನು ಬಿಗಿಯಾಗಿ ಹಿಡಿದುಕೊಂಡಿದ್ದೇವೆ. ಅದರ ಮೈಗಾವಲಿನ ಕೆಲಸವನ್ನು ಮಾತ್ರ ಯಾರ ಮೇಲಾದರೂ ಹಾಕಿಬಿಡುತ್ತೇವೆ.

೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಏರಿ ಕೊಣ್ಣೂರು, ಹೊಳೆಆಲೂರುಗಳ ಕಡೆ ಅನಾಹುತವಾದ ವರ್ಷ, ನಾನು ಬಹಳ ದಿನದ ಮೇಲೆ ಹೊಲಕ್ಕೆ ಹೋದೆ. ಅಪ್ಪ ಕಡಿದ ಕಂಡಿ ಒಂದು ಗಾಡಿ ಹಾಯುವಷ್ಟು ಅಗಲವಾಗಿತ್ತು. ಕೆಳಗಿನ ಹೊಲದಲ್ಲಿ ಕಾಕಾನ ಮಗ ನಿಂತಿದ್ದ. ಅವನಿಗೂ ನನ್ನಷ್ಟೇ ವಯಸ್ಸು. ಮೊದಲು ಕುಶಲ ಕೇಳಿದ; ಆಮೇಲೆ, “ಮಾಸ್ತರ, ಇದನ್ನ ಹಿಂಗ ಬಿಟ್ರ ಇನ್ನ ಹತ್ತು ವರ್ಷಕ್ಕ ಇಬ್ಬರ ಹೊಲಾನೂ ಹಳ್ಳಾ ಆಕ್ಕಾವು” ಎಂದ. ಅರ್ಧ ದಿನ ಇಬ್ಬರೂ ಬದುವಿನ ಮೇಲೆ ಅಡ್ಡಾಡಿದೆವು. ಒಡ್ಡನ್ನು ಮುಚ್ಚಿ ಮೊದಲಿನಂತೆ ಮಾಡುವುದು ಬೇಡ, ಕಂಡಿಯಿದ್ದಲ್ಲಿಯೇ ಕಲ್ಲಿನ ಕೋಡಿ ಕಟ್ಟುವುದು, ನೀರನ್ನು ಅವನ ಹೊಲದ 
ಅಂಚಿನಲ್ಲಿ ಎರಡು ಮೊಳ ಅಗಲದ ಹುಲ್ಲಿನ ಕಾಲುವೆಯಲ್ಲಿ ಇಳಿಸುವುದು ಎಂದಾಯಿತು. ಕಾಲುವೆಯ ನೆಲ ಅವನದು ಹೋಗುತ್ತದೆ. ಅದಕ್ಕೆ ಬದಲಾಗಿ ಕಲ್ಲಿನ ಖರ್ಚು ನನ್ನದು. ಬರೆಸೋಣವೆಂದು ತಲಾಠಿಯನ್ನು ಕೇಳಿದೆವು. ಇಂಥದ್ದನ್ನು ಬರೆಯಲು ಉತಾರದಲ್ಲಿ ಕಲಮು ಇಲ್ಲವೆಂದರು. ನಾಲ್ಕು ಮಂದಿಯ ಮುಂದೆ ಮಾತಾಡಿ ಎದ್ದುಬಂದೆವು.

ಕೋಡಿ ಕಟ್ಟಿದ್ದಾಗಿದೆ, ಕೆಲವು ಮಳೆಗಳನ್ನು ತಾಳಿದೆ. ಹೋದ ವರ್ಷ ಕೆಳಗಿನ ಎರಡು ಸಾಲು ಕಲ್ಲು ಜಾರಿವೆಯೆಂದು ಅವನು ಫೋನು ಮಾಡಿ ತಿಳಿಸಿದ. ಮತ್ತೆ ಒಂದು ಟ್ರ್ಯಾಕ್ಟರು ಕಲ್ಲು ಬೇಕಂತೆ. ಈ ಸಲ ಬಾಡಿಗೆಯನ್ನು ಅರ್ಧರ್ಧ ಹಾಕೋಣವೆಂದು ನಾನೆಂದೆ. ಮೊದಲಿನ ಮಾತಿನಂತೆ ಪೂರ್ತಿ ನನ್ನದೇ ಎಂದು ಅವನು. ಸುಗ್ಗಿಗೆ ಊರಿಗೆ ಹೋದಾಗ ಇದನ್ನು ಕುಳಿತು ಬಗೆಹರಿಸಿಕೊಳ್ಳಬೇಕಾಗಿದೆ.